ಗೆಲ್ಲುವ ಕುದುರೆ ಯಾವುದು? ಅಯೋವಾ ಕಾಕಸ್‌ನಲ್ಲಿ ಮತದಾರರೊಡನೆ ಮಾತಾಡಿದ ಕ್ರಮ

ಕರ್ನಾಟಕದಲ್ಲಿ ಗೆಲ್ಲುವ ಕುದುರೆ ಯಾವುದೆಂದು ಹೈಕಮಾಂಡ್ ಲೆಕ್ಕ ಹಾಕಿ ಟಿಕೆಟ್ ಕೊಡುತ್ತದೆ. ಅಮೆರಿಕದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಜನರೇ ಆರಿಸುವ ಚುನಾವಣೆಯಲ್ಲಿ, ಆ ಲೆಕ್ಕದ ಹೊರೆ ಸಾಮಾನ್ಯ ಮತದಾರರ ತಲೆಯ ಮೇಲೆ ಬೀಳುತ್ತದೆ. 2020ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಾನು ಅಯೋವಾ ರಾಜ್ಯದಲ್ಲಿ ಸೆನೆಟರ್ ಎಲಿಜಬೆತ್ ವಾರನ್ ಪರ ಪ್ರಿಸಿಂಕ್ಟ್ ಕ್ಯಾಪ್ಟನ್ (ಒಂದು ಮತಗಟ್ಟೆ ವ್ಯಾಪ್ತಿಯ ಪ್ರಚಾರದ ಹೊಣೆ ಹೊತ್ತವನು) ಆಗಿದ್ದೆ. ಅಲ್ಲಿ ಆಯ್ಕೆ ನಡೆಯುತ್ತಿದ್ದದ್ದು ಕಾಕಸ್‌ನಲ್ಲಿ: ಮತದಾರರು ಒಂದೆಡೆ ಸೇರಿ ಅಭ್ಯರ್ಥಿವಾರು ಗುಂಪುಗಳಾಗಿ ನಿಲ್ಲುವ ಸಭೆ. ಮನೆ ಮನೆಯಲ್ಲೂ ಸಿಗುತ್ತಿದ್ದ ಮಾತು ಒಂದೇ: "ಇವರು ನನಗೆ ಇಷ್ಟ, ಆದರೆ ಟ್ರಂಪ್ ಎದುರು ಗೆಲ್ತಾರಾ?" ಈ ಪ್ರಶ್ನೆಯನ್ನು ತಳ್ಳಿಹಾಕಿದರೆ ಸಂಭಾಷಣೆ ಅಲ್ಲಿಗೇ ಮುಗಿಯುತ್ತದೆ. "ಖಂಡಿತ ಗೆಲ್ತಾರೆ" ಎಂದರೂ ಅಷ್ಟೇ, ಯಾರೂ ನಂಬುವುದಿಲ್ಲ. ಆ ಪ್ರಶ್ನೆಯನ್ನು ಬಿಡಿ ಬಿಡಿಯಾಗಿ ಬಿಚ್ಚಿ ಲೆಕ್ಕಕ್ಕೆ ಸಿಗುವಂತೆ ಮಾಡುವುದೇ ಕೆಲಸ. ನಾನು ಅನುಸರಿಸಿದ ಕ್ರಮ ಇಲ್ಲಿದೆ.

ಮೊದಲ ಪ್ರಶ್ನೆ ಯಾವಾಗಲೂ ಇದು: "ಚುನಾವಣೆಯೇ ಇಲ್ಲದೆ, ನಿಮ್ಮೊಬ್ಬರ ಮಾತಿನಂತೆ ಅಧ್ಯಕ್ಷರನ್ನು ಕೂರಿಸಬಹುದಾದರೆ ಯಾರನ್ನು ಕೂರಿಸ್ತೀರಿ?" 2019ರ ಮಧ್ಯದಲ್ಲಿ ಒಂದು ಸಮೀಕ್ಷೆ ಇದೇ ಬಗೆಯ ಪ್ರಶ್ನೆ ಕೇಳಿದಾಗ, ಮಾಮೂಲಿ ಪ್ರಶ್ನೆಯಲ್ಲಿ ಮುಂದಿದ್ದ ಬೈಡನ್ ಕೆಳಗಿಳಿದು ವಾರನ್ ಮೇಲೇರಿದ್ದರು. ಉತ್ತರ ಬಂದ ಕೂಡಲೇ ಇಷ್ಟ ಮತ್ತು ಭಯ ಎರಡೂ ಬೇರೆಯಾಗುತ್ತವೆ. ಇಷ್ಟವೇ ಬೇರೆಯವರ ಮೇಲಿದ್ದರೆ ಗೆಲುವಿನ ವಾದ ಮಾಡಿ ಪ್ರಯೋಜನವಿಲ್ಲ, ಎರಡನೇ ಆಯ್ಕೆ ಯಾರೆಂದು ಕೇಳಿ ಬರೆದುಕೊಂಡು ಮುಂದಿನ ಮನೆಗೆ ಹೋಗಬೇಕು. ಪ್ರಚಾರದವರ ಫೋನಿನಲ್ಲಿರುವ ಮಿನಿವ್ಯಾನ್ ಆ್ಯಪ್‌ನಲ್ಲಿ 1ರಿಂದ 5ರವರೆಗೆ ಅಂಕ ಹಾಕುವ ಪದ್ಧತಿಯಿದೆ: 1 ಎಂದರೆ ಗಟ್ಟಿ ಬೆಂಬಲ, 5 ಎಂದರೆ ಬೇರೆಯವರ ಕಡೆ. "ಇಷ್ಟ, ಆದರೆ ಗೆಲ್ತಾರಾ" ಎನ್ನುವವರು 2 ಅಥವಾ 3. ಅಂಕದ ಜೊತೆಗೆ ಭಯದ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯದಿದ್ದರೆ ಮುಂದಿನ ಸಲ ಹೋಗುವ ಕಾರ್ಯಕರ್ತ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಎರಡನೆಯದು: "ಯಾರು ಓಟು ಹಾಕಲ್ಲ ಅಂತ ನಿಮಗೆ ಅನಿಸ್ತಿದೆ?" "ಜನ" ಎಂಬ ಉತ್ತರಕ್ಕೆ ಒಪ್ಪಬಾರದು. ಮಾವನೋ, ಕಾರ್ಖಾನೆಯ ಸಹೋದ್ಯೋಗಿಯೋ, 2012ರಲ್ಲಿ ಒಬಾಮಾಗೆ ಹಾಕಿ 2016ರಲ್ಲಿ ಟ್ರಂಪ್‌ಗೆ ಹಾಕಿದ ಪಕ್ಕದ ಮನೆಯವರೋ? ಹೆಸರು ಬೇಕಿಲ್ಲ, ಬಗೆ ಗೊತ್ತಾದರೆ ಸಾಕು. ಗೆಲ್ಲುವ ಸಾಮರ್ಥ್ಯ ಎಂದು ನಾವು ಕರೆಯುವುದು ಬಹುಪಾಲು ಬೇರೆಯವರ ಮನಸ್ಸಿನ ಬಗ್ಗೆ ನಮ್ಮ ಊಹೆ. ಆ ಬೇರೆಯವರು ಯಾರು ಎಂಬುದು ಸ್ಪಷ್ಟವಾಗುವವರೆಗೆ ಊಹೆಯನ್ನು ಪರೀಕ್ಷಿಸಲಾಗದು.

ಮೂರನೆಯದು: "ಯಾವ ರಾಜ್ಯದಲ್ಲಿ?" ಅಧ್ಯಕ್ಷರಾಗಲು ರಾಜ್ಯಗಳಿಗೆ ಹಂಚಿರುವ 538 ಎಲೆಕ್ಟೋರಲ್ ಮತಗಳಲ್ಲಿ 270 ಬೇಕು; ಬಹುತೇಕ ರಾಜ್ಯಗಳಲ್ಲಿ ಮುಂದಿರುವವರಿಗೇ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತ. 2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ ಸುಮಾರು 29 ಲಕ್ಷ ಹೆಚ್ಚು ಮತ ಪಡೆದೂ ಸೋತರು. ಮಿಷಿಗನ್‌ನಲ್ಲಿ ಅಂತರ 10,704, ವಿಸ್ಕಾನ್ಸಿನ್‌ನಲ್ಲಿ 22,748, ಪೆನ್ಸಿಲ್ವೇನಿಯಾದಲ್ಲಿ 44,292. ಮೂರೂ ಸೇರಿ 46 ಎಲೆಕ್ಟೋರಲ್ ಮತ. ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹೊರಗೆ ತೆಗೆದ ಕೂಡಲೇ "ಅಮೆರಿಕ ಒಪ್ಪುತ್ತಾ" ಎಂಬ ಮಾತು "ಈ 78 ಸಾವಿರದಷ್ಟು ಮತ ಎಲ್ಲಿಂದ ತರೋದು" ಎಂಬ ಮಾತಾಗುತ್ತದೆ. ತರುವ ದಾರಿ ಕನಿಷ್ಠ ಮೂರು. ಈ ರಾಜ್ಯಗಳ ದೊಡ್ಡ ನಗರಗಳಾದ ಮಿಲ್ವಾಕಿ, ಡೆಟ್ರಾಯಿಟ್, ಫಿಲಡೆಲ್ಫಿಯಾಗಳಲ್ಲಿ ಮನೆಯಲ್ಲೇ ಉಳಿದ ಮತದಾರರನ್ನು ಹೊರಗೆ ತರುವುದು, ನಗರದಂಚಿನ ಬಡಾವಣೆಗಳಲ್ಲಿ ರಿಪಬ್ಲಿಕನ್ನರಿಂದ ದೂರ ಸರಿಯುತ್ತಿರುವವರನ್ನು ಸೆಳೆಯುವುದು, ಟ್ರಂಪ್ ಕಡೆ ಹೋದ ಕಾರ್ಮಿಕರನ್ನು ಮರಳಿ ಕರೆತರುವುದು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ದಾರಿ ಸಲೀಸು. ಇದು ಅರ್ಥವಾದವರು "ಗೆಲ್ಲಬಲ್ಲವರು ಒಬ್ಬರೇ" ಎಂಬ ಹಟವನ್ನು ತಾವಾಗಿಯೇ ಸಡಿಲಿಸುತ್ತಾರೆ.

ವಾರನ್ ವಿಷಯದಲ್ಲಿ ಭಯದ ಹೆಸರು ಬಹುಮಟ್ಟಿಗೆ ಒಂದೇ: ಮತ್ತೆ ಹೆಂಗಸನ್ನು ನಿಲ್ಲಿಸಿ ಸೋಲುವುದೇ? ಇಲ್ಲಿ ಹೆಚ್ಚಿನ ಕಾರ್ಯಕರ್ತರು ಎಡವುತ್ತಾರೆ. "ಕ್ಲಿಂಟನ್‌ಗೆ ಹೆಚ್ಚು ಮತ ಬಂದಿತ್ತಲ್ಲ" ಎಂದರೆ "ಆದರೂ ಸೋತರಲ್ಲ" ಎಂಬ ಉತ್ತರ ಬರುತ್ತದೆ, ಅದು ಸರಿಯಾದ ಉತ್ತರವೇ. "ಇದು ಪೂರ್ವಗ್ರಹ" ಎಂದರೆ ಬಾಗಿಲು ಮುಚ್ಚುತ್ತದೆ. ಹೀಗೆ ಹೇಳುವವರಲ್ಲಿ ಹೆಂಗಸರೇ ಬಹಳ. ಅವರದು ದ್ವೇಷವಲ್ಲ, 2016ರ ಗಾಯ, ಅದಕ್ಕೆ ಗೌರವ ಕೊಡಲೇಬೇಕು. ನಾನು ಮುಂದಿಡುತ್ತಿದ್ದದ್ದು ಅದೇ ರಾಜ್ಯಗಳ 2018ರ ಫಲಿತಾಂಶ. ಮಿಷಿಗನ್‌ನಲ್ಲಿ ಗ್ರೆಚೆನ್ ವಿಟ್ಮರ್ ಗವರ್ನರ್ ಸ್ಥಾನವನ್ನು ಒಂಬತ್ತಕ್ಕೂ ಹೆಚ್ಚು ಶೇಕಡಾ ಅಂತರದಲ್ಲಿ ಗೆದ್ದರು. ವಿಸ್ಕಾನ್ಸಿನ್‌ನಲ್ಲಿ ಟ್ಯಾಮಿ ಬಾಲ್ಡ್‌ವಿನ್ ಸೆನೆಟ್ ಸ್ಥಾನವನ್ನು ಹತ್ತಕ್ಕೂ ಹೆಚ್ಚು ಶೇಕಡಾ ಅಂತರದಲ್ಲಿ ಉಳಿಸಿಕೊಂಡರು. ಭಯ ಹುಟ್ಟಿದ ನೆಲದ್ದೇ ಸಾಕ್ಷಿ ಕೊಟ್ಟಾಗ ಮಾತು ಮುಂದುವರಿಯುತ್ತದೆ. ಪ್ರತಿವಾದವೂ ಇದೆ, ಮುಚ್ಚಿಡಬಾರದು: ಅಧ್ಯಕ್ಷ ಚುನಾವಣೆ ಗವರ್ನರ್ ಚುನಾವಣೆಯಂತಲ್ಲ, ಮತ್ತು 2018 ಡೆಮಾಕ್ರಟರಿಗೆ ಒಳ್ಳೆಯ ವರ್ಷವಾಗಿತ್ತು.

ಇತಿಹಾಸದ ಉದಾಹರಣೆಗಳನ್ನು ಎರಡೂ ಕಡೆಯಿಂದ ಇಟ್ಟುಕೊಳ್ಳಬೇಕು. 2004ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಹೋವರ್ಡ್ ಡೀನ್ ಗೆಲ್ಲಲಾರರು, ಯುದ್ಧದಲ್ಲಿ ಸೇವೆ ಸಲ್ಲಿಸಿದ ಜಾನ್ ಕೆರಿ ಗೆಲ್ಲಬಲ್ಲರು ಎಂದು ಎಣಿಸಿದವರು ಬಹಳ. ಅಯೋವಾ ಗೆದ್ದ ಕೆರಿ ನವೆಂಬರ್‌ನಲ್ಲಿ ಬುಷ್ ಎದುರು ಸೋತರು. 2016ರಲ್ಲಿ ಗೆಲ್ಲಲಾರರು ಎಂದೇ ಪಂಡಿತರು ಹೇಳುತ್ತಿದ್ದ ಟ್ರಂಪ್ ಗೆದ್ದರು. ಇಷ್ಟೇ ಹೇಳಿ ನಿಲ್ಲಿಸಿದರೆ ಪ್ರಾಮಾಣಿಕತೆ ಅಲ್ಲ, ಯಾಕೆಂದರೆ 1972ರ ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಕೂಡ ಇದ್ದಾರೆ: 50 ರಾಜ್ಯಗಳಲ್ಲಿ 49 ಸೋತರು. 1964ರ ರಿಪಬ್ಲಿಕನ್ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್‌ಗೆ ಸಿಕ್ಕಿದ್ದು 52 ಎಲೆಕ್ಟೋರಲ್ ಮತ. ತೀರಾ ಅಂಚಿನಲ್ಲಿರುವ ಅಭ್ಯರ್ಥಿ ಬೆಲೆ ತೆರಬಹುದು ಎಂಬ ಭಯಕ್ಕೆ ಆಧಾರವಿದೆ. ಎದುರಿನವರು ಹೇಳುವ ಮೊದಲೇ ನಾವೇ ಹೇಳಿಬಿಟ್ಟರೆ ನಮ್ಮ ಉಳಿದ ಮಾತಿಗೆ ಬೆಲೆ ಬರುತ್ತದೆ.

ಸಮೀಕ್ಷೆಗಳ ಬಗ್ಗೆ ಒಂದೇ ಎಚ್ಚರಿಕೆ. "ಬೈಡನ್ 46, ಟ್ರಂಪ್ 44" ಎಂಬ ಸಮೀಕ್ಷೆಯಲ್ಲಿ ದೋಷದ ಅಂದಾಜು ±4 ಎಂದಿದ್ದರೆ ಅದು ಪ್ರತಿ ಸಂಖ್ಯೆಗೆ ಅನ್ವಯಿಸುತ್ತದೆ, ಅಂತರದ ದೋಷ ಹತ್ತಿರ ಹತ್ತಿರ ಎರಡರಷ್ಟು. ಚುನಾವಣೆಗೆ ವರ್ಷ ಇರುವಾಗ ಜನರಿಗೆ ಹೆಸರು ಪರಿಚಿತವಾಗಿರುವ ಅಭ್ಯರ್ಥಿಗಳೇ ಮುಂದಿರುತ್ತಾರೆ. ಸಂಖ್ಯೆ ನಮ್ಮ ಪರವಾಗಿದ್ದ ದಿನವೂ ನಾನು ಅದನ್ನು ಬಳಸುತ್ತಿರಲಿಲ್ಲ. ಮರುವಾರ ಅದೇ ನಮಗೆ ತಿರುಗಿ ಹೊಡೆಯುತ್ತದೆ.

ಕನ್ನಡ ಕೂಟದ ಗೆಳೆಯರಿಗೆ ಒಂದು ಮಾತು. ಕಮಲಾ ಹ್ಯಾರಿಸ್ ಡಿಸೆಂಬರ್ 2019ರಲ್ಲೇ ಹಿಂದೆ ಸರಿದ ಮೇಲೆ "ನಮ್ಮಂಥವರನ್ನು ಈ ದೇಶ ಆರಿಸಲ್ಲ" ಎಂಬ ನಿರಾಸೆ ನಮ್ಮವರಲ್ಲೂ ಕೇಳಿಸುತ್ತಿತ್ತು. ಅದಕ್ಕೂ ಇದೇ ಮೂರು ಪ್ರಶ್ನೆಗಳು ಸಲ್ಲುತ್ತವೆ. ಮತ ಹಾಕುವ ಹಕ್ಕು ಪ್ರಜೆಗಳಿಗೆ ಮಾತ್ರ. ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಅಥವಾ ಎಚ್‌-1ಬಿ ಕೆಲಸದ ವೀಸಾ ಇರುವವರು ಸಂಬಳವಿಲ್ಲದೆ ಸ್ವಯಂಸೇವಕರಾಗಬಹುದು, ಮತದಾರರ ನೋಂದಣಿ ಅರ್ಜಿಗೆ ಮಾತ್ರ ಎಂದೂ ಸಹಿ ಹಾಕಬಾರದು. ಪ್ರಜೆ ಎಂದು ಸುಳ್ಳು ಹೇಳಿದಂತಾಗಿ ಮುಂದೆ ಪೌರತ್ವಕ್ಕೇ ಕುತ್ತು ಬರುತ್ತದೆ.

ಇನ್ನು 2020ರ ಫೆಬ್ರವರಿ 3ರ ಕಾಕಸ್ ರಾತ್ರಿ. ಅಲ್ಲಿ ಗೆಲ್ಲುವ ಲೆಕ್ಕ ಕೋಣೆಯೊಳಗೇ ನಡೆಯುತ್ತಿತ್ತು. ಸಂಜೆ 7ಕ್ಕೆ ಸಾಲಿನಲ್ಲಿದ್ದವರೆಲ್ಲ ಲೆಕ್ಕಕ್ಕೆ ಸೇರುತ್ತಿದ್ದರು. ಪ್ರತಿಯೊಬ್ಬರಿಗೂ ಒಂದು ಕಾರ್ಡ್, ಒಂದು ಬದಿಯಲ್ಲಿ ಮೊದಲ ಆಯ್ಕೆ, ಇನ್ನೊಂದು ಬದಿಯಲ್ಲಿ ಅಂತಿಮ ಆಯ್ಕೆ, ಸಹಿ ಕಡ್ಡಾಯ. ನಾಲ್ಕು ಅಥವಾ ಹೆಚ್ಚು ಡೆಲಿಗೇಟ್‌ಗಳಿರುವ (ಪಕ್ಷದ ಮುಂದಿನ ಹಂತದ ಸಭೆಗೆ ಹೋಗುವ ಪ್ರತಿನಿಧಿಗಳು) ಪ್ರಿಸಿಂಕ್ಟ್‌ನಲ್ಲಿ ಒಬ್ಬ ಅಭ್ಯರ್ಥಿಯ ಗುಂಪು ಉಳಿಯಲು ಹಾಜರಿದ್ದವರಲ್ಲಿ ಶೇ 15 ಜನ ಬೇಕಿತ್ತು, ಮೂರಿದ್ದರೆ ಆರನೇ ಒಂದು ಭಾಗ, ಎರಡಿದ್ದರೆ ಶೇ 25.

ಉದಾಹರಣೆಗೆ 143 ಜನ, 6 ಡೆಲಿಗೇಟ್ ಇದ್ದಾರೆಂದುಕೊಳ್ಳಿ. ಶೇ 15 ಎಂದರೆ 21.45, ಮೇಲಕ್ಕೆ ಏರಿಸಿ 22. ಗುಂಪಿನ ಸಂಖ್ಯೆಯನ್ನು 6ರಿಂದ ಗುಣಿಸಿ 143ರಿಂದ ಭಾಗಿಸಿದರೆ ಡೆಲಿಗೇಟ್ ಸಂಖ್ಯೆ ಬರುತ್ತದೆ, ಅರ್ಧಕ್ಕಿಂತ ಕಡಿಮೆಯಾದರೆ ಕೆಳಗೆ, ಹೆಚ್ಚಾದರೆ ಮೇಲೆ. 35 ಜನರಿದ್ದರೆ 1.47, ಅಂದರೆ ಒಬ್ಬ ಡೆಲಿಗೇಟ್. 36 ಆದರೆ 1.51, ಅಂದರೆ ಇಬ್ಬರು. 36ರಿಂದ 59ರವರೆಗೆ ಎಷ್ಟೇ ಜನ ಬಂದರೂ ಅದೇ ಇಬ್ಬರು, 60ಕ್ಕೆ ಮೂವರು. ಆದ್ದರಿಂದ ಒಟ್ಟು ಹಾಜರಿ ಘೋಷಣೆಯಾದ ಕೂಡಲೇ 22, 36, 60 ಎಂಬ ಮೂರು ಸಂಖ್ಯೆಗಳನ್ನು ದೊಡ್ಡದಾಗಿ ಬರೆದು ಕೈಯಲ್ಲಿ ಹಿಡಿಯಬೇಕು. ಕ್ಯಾಲ್ಕುಲೇಟರ್ ಇಲ್ಲದೆ ಹೋಗುವ ಕ್ಯಾಪ್ಟನ್‌ಗೆ ಯಾರನ್ನು ಎಷ್ಟು ಒತ್ತಾಯಿಸಬೇಕೆಂಬುದು ತಿಳಿಯುವುದೇ ಇಲ್ಲ.

2020ರ ನಿಯಮದಂತೆ ಮೊದಲ ಸುತ್ತಿನಲ್ಲೇ ಮಿತಿ ದಾಟಿದ ಗುಂಪಿನವರು ಕದಲುವಂತಿರಲಿಲ್ಲ. ಮಿತಿ ಮುಟ್ಟದವರು ಮಾತ್ರ ಎರಡನೇ ಸುತ್ತಿನಲ್ಲಿ ಬೇರೆ ಗುಂಪಿಗೆ ಹೋಗಬಹುದಿತ್ತು, ಇನ್ನೊಂದು ಸಣ್ಣ ಗುಂಪಿನೊಡನೆ ಸೇರಿ ಮಿತಿ ದಾಟಬಹುದಿತ್ತು, ಇಲ್ಲವೇ ಮನೆಗೆ ಹೋಗಬಹುದಿತ್ತು. ಸಮಯ 15 ನಿಮಿಷ. ಈ ಹೊತ್ತಿನಲ್ಲಿ ನವೆಂಬರ್ ಬಗ್ಗೆ ವಾದ ಮಾಡಲು ಹೋಗಬಾರದು. ಆಗ ತಾನೇ ತಮ್ಮ ಅಭ್ಯರ್ಥಿಯನ್ನು ಕಳೆದುಕೊಂಡವರಿಗೆ ಆ ಅಭ್ಯರ್ಥಿಯ ದೋಷ ಎತ್ತಿ ಹೇಳಿದರೆ ಎದುರು ಗುಂಪಿಗೆ ನಡೆದುಬಿಡುತ್ತಾರೆ. ಮೊದಲೇ ಬರೆದುಕೊಂಡ ಎರಡನೇ ಆಯ್ಕೆಯ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. "ನಮಗೆ ಇನ್ನೊಬ್ಬರು ಬಂದರೆ ಇನ್ನೊಂದು ಡೆಲಿಗೇಟ್, ಅಲ್ಲಿ ನೀವು ಸೇರಿದರೆ ಏನೂ ಬದಲಾಗಲ್ಲ" ಎಂಬ ಮಾತನ್ನು ಸಂಖ್ಯೆ ತೋರಿಸಿ ಹೇಳಿದರೆ ಸಾಕು. ಕಾರ್ಡ್‌ನ ಎರಡನೇ ಬದಿ ತುಂಬಿ ಸಹಿ ಹಾಕಿದ್ದಾರೆಯೇ ಎಂದು ನಾವೇ ನೋಡಬೇಕು, ಅವಸರದಲ್ಲಿ ಮರೆಯುತ್ತಾರೆ. ಅಂತಿಮ ಲೆಕ್ಕದ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ಆ ವರ್ಷ ಫಲಿತಾಂಶ ಕಳಿಸುವ ಆ್ಯಪ್ ಕೈಕೊಟ್ಟು ಎಣಿಕೆ ದಿನಗಟ್ಟಲೆ ತಡವಾದಾಗ ಕೊನೆಗೂ ಆಧಾರವಾಗಿ ಉಳಿದದ್ದು ಕಾಗದವೇ.

ವಾರನ್ ಅಯೋವಾದಲ್ಲಿ ಮೂರನೆಯವರಾದರು. ಬೈಡನ್ ಇಲ್ಲಿ ನಾಲ್ಕನೇ ಸ್ಥಾನ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇ ಸ್ಥಾನ ಪಡೆದರೂ ಫೆಬ್ರವರಿ 29ರಂದು ಸೌತ್ ಕೆರೊಲಿನಾ ಗೆದ್ದರು. ಎದುರಾಳಿಗಳಾದ ಬುಟಿಜೆಜ್, ಕ್ಲೋಬುಚಾರ್ ಹಿಂದೆ ಸರಿದರು, ಮಾರ್ಚ್ 3ರಂದು 14 ರಾಜ್ಯಗಳಲ್ಲಿ 10 ಬೈಡನ್ ಪಾಲಾದವು. ಮೂರು ದಿನಗಳಲ್ಲಿ ಬೈಡನ್ ಅವರಲ್ಲಿ ಏನೂ ಬದಲಾಗಿರಲಿಲ್ಲ. ಉಳಿದವರು ಅವರ ಕಡೆ ಹೋಗುತ್ತಾರೆಂಬ ನಂಬಿಕೆ ಮಾತ್ರ ಬೆಳೆದಿತ್ತು. ನವೆಂಬರ್‌ನಲ್ಲಿ 306 ಎಲೆಕ್ಟೋರಲ್ ಮತ ಬಂದವು, ಆದರೆ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರರ ಅಂತರ ಒಟ್ಟು 43 ಸಾವಿರದಷ್ಟೇ. ಬೇರೆಯವರು ನಿಂತಿದ್ದರೆ ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ಎಂಬುದನ್ನು ಈ ಸಂಖ್ಯೆ ಸಾಬೀತು ಮಾಡುವುದಿಲ್ಲ, ಹಾಗೆ ಬಳಸುವವರನ್ನು ತಡೆಯಿರಿ.

2024ರಲ್ಲಿ ಅಯೋವಾ ಡೆಮಾಕ್ರಟರು ಆಯ್ಕೆಯನ್ನು ಅಂಚೆಯಲ್ಲಿ ಕಳಿಸುವ ಕಾರ್ಡ್‌ಗೆ ಬದಲಿಸಿದರು, ಗುಂಪು ಕಟ್ಟುವ ಲೆಕ್ಕ ಆ ವರ್ಷ ಅಲ್ಲಿರಲಿಲ್ಲ. ಗುಪ್ತ ಮತದ ಪ್ರೈಮರಿಯಲ್ಲಿ ಎರಡನೇ ಅವಕಾಶವೂ ಇಲ್ಲ, ಆದ್ದರಿಂದ ಮೂರು ಪ್ರಶ್ನೆಗಳನ್ನು ಮತದಾನಕ್ಕೆ ಕನಿಷ್ಠ ಎರಡು ವಾರ ಮೊದಲೇ ಮುಗಿಸಿ, ಕೊನೆಯ ವಾರದಲ್ಲಿ 2 ಮತ್ತು 3 ಅಂಕದವರನ್ನು ಮಾತ್ರ ಮತ್ತೆ ಭೇಟಿಯಾಗಬೇಕು. 2020ರಲ್ಲಿ ಅಲಾಸ್ಕಾ, ಹವಾಯಿ, ಕಾನ್ಸಾಸ್, ವಯೋಮಿಂಗ್ ಡೆಮಾಕ್ರಟರು ಆದ್ಯತಾ ಮತ (ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವ ಪದ್ಧತಿ) ಬಳಸಿದ್ದರು. ಅಂಥಲ್ಲಿ ಭಯವಿರುವವರಿಗೆ ಹೇಳಬೇಕಾದ್ದು ಸುಲಭ: ಇಷ್ಟದವರನ್ನು ಮೊದಲು ಬರೆಯಿರಿ, ಗೆಲ್ಲಬಲ್ಲರೆಂದು ಅನಿಸುವವರನ್ನು ಎರಡನೆಯದಾಗಿ ಬರೆಯಿರಿ.