ವಿಮಾನದ ಬಿ.ಎಡ್. ಮುಗಿಸಿದ ಕತೆ

ಅರಿಝೋನಾದಲ್ಲಿ ವಾರಪೂರ್ತಿ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಸೆಸ್ನಾ 172 ಅನ್ನೋ ಪುಟ್ಟ ವಿಮಾನ. ಕಮರ್ಷಿಯಲ್ ಲೈಸೆನ್ಸು, ಇನ್‌ಸ್ಟ್ರುಮೆಂಟ್ ರೇಟಿಂಗು (ಹೊರಗೆ ಏನೂ ಕಾಣದಿದ್ದರೂ ಮೀಟರು ನೋಡಿ ಹಾರಿಸುವ ಅನುಮತಿ) ಎರಡೂ ಕೈಗೆ ಬಂದಮೇಲೆ ಹಾರಾಟ ಕಲಿಸುವ ಇನ್‌ಸ್ಟ್ರಕ್ಟರ್ ಆಗೋಣ ಅನ್ನಿಸಿತು. ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ ಕೇಳಿದ್ದು, "ಅದಕ್ಕೂ ಬಿ.ಎಡ್. ಮಾಡ್ಬೇಕೇನಪ್ಪಾ?" ಮೂವತ್ತು ವರ್ಷ ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವರು. ತಮಾಷೆಗೆ ಕೇಳಿದರೂ ಮಾತು ನಿಜ.

ಇಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಎರಡು ಲಿಖಿತ ಪರೀಕ್ಷೆ ಇಡುತ್ತದೆ. ಹಾರಾಟದ ವಿಷಯಕ್ಕೆ 100 ಪ್ರಶ್ನೆ. ಇನ್ನೊಂದು ಪಾಠ ಹೇಳುವ ಕಲೆಯದು, 'ಫಂಡಮೆಂಟಲ್ಸ್ ಆಫ್ ಇನ್‌ಸ್ಟ್ರಕ್ಟಿಂಗ್', 50 ಪ್ರಶ್ನೆ. ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್‌ನ ಕಲಿಕೆಯ ನಿಯಮ, ಮಾಸ್ಲೋ ಹೇಳಿದ ಮನುಷ್ಯನ ಅಗತ್ಯಗಳ ಮೆಟ್ಟಿಲು, ಪಾಠಯೋಜನೆ, ಇಂಥವೇ. ಅಮೆರಿಕದ ಯಾವುದಾದರೂ ರಾಜ್ಯದ ಹೈಸ್ಕೂಲ್ ಮೇಷ್ಟರ ಸರ್ಟಿಫಿಕೇಟ್ ಇದ್ದವರು ಈ ಎರಡನೆಯದನ್ನು ಬರೆಯಬೇಕಿಲ್ಲ. "ಹಾಗಾದ್ರೆ ನಾನು ಅರ್ಧ ಪಾಸು," ಅಂದರು ಅಪ್ಪ.

ನನಗೆ ಕಷ್ಟವಾಗಿದ್ದು ಸೀಟು ಬದಲಿಸುವುದು. ಇನ್‌ಸ್ಟ್ರಕ್ಟರ್ ಕೂರುವುದು ಬಲಗಡೆ. ಎಂಜಿನ್ನಿನ ಶಕ್ತಿ ಹೆಚ್ಚುಕಮ್ಮಿ ಮಾಡುವ ಥ್ರಾಟಲ್ ಎಡಗೈಗೆ, ವಿಮಾನ ತಿರುಗಿಸುವ, ಏರಿಸಿ ಇಳಿಸುವ ಹಿಡಿಕೆ, ಅಂದರೆ ಯೋಕ್, ಬಲಗೈಗೆ. ಮೀಟರುಗಳೆಲ್ಲ ಓರೆಯಾಗಿ ಕಾಣುತ್ತವೆ. ವಿಮಾನದ ಮೂಗಿನ ತುದಿಯನ್ನು ರನ್‌ವೇ ಕೊನೆಗೆ ನೇರ ಹಿಡಿದೆ ಅಂದುಕೊಂಡರೆ ವಿಮಾನ ಬಲಕ್ಕೆ ತಿರುಗಿರುತ್ತಿತ್ತು, ಟೈರು ಕಿರ್ ಅನ್ನುತ್ತಿತ್ತು. ಕೊನೆಗೆ ಮುಂದಿನ ಗಾಜಿನ ಮೇಲೆ, ನನ್ನ ಕಣ್ಣಿಗೆ ನೇರವಾಗಿ, ಅಳಿಸಬಹುದಾದ ಮಾರ್ಕರಿನಿಂದ ಒಂದು ಚುಕ್ಕೆ ಇಟ್ಟೆ. ಎರಡು ವಾರಕ್ಕೆ ಚುಕ್ಕೆ ಬೇಡವಾಯಿತು. ಸ್ಪಿನ್, ಅಂದರೆ ವಿಮಾನ ಗಿರಗಿರ ಸುತ್ತುತ್ತ ಬೀಳುವಾಗ ಅದನ್ನು ಸರಿಪಡಿಸುವ ತರಬೇತಿಯೂ ಕಡ್ಡಾಯ. ಹೊಟ್ಟೆ ತೊಳಸಿತು, ಅಷ್ಟೇ.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದೆ. ಅದೂ ವಿಮಾನ ಹತ್ತುವ ಮೊದಲೇ. ಪರೀಕ್ಷಕರು ಒಂದು ಖಾಲಿ ಲಾಗ್‌ಬುಕ್ (ಹಾರಾಟದ ದಾಖಲೆ ಪುಸ್ತಕ) ಮುಂದಿಟ್ಟು, "ನಾನು 16 ವರ್ಷದ ಹುಡುಗ, ನಾಳೆ ಒಬ್ಬನೇ ಹಾರ್ತೀನಿ, ನನ್ನ ಮೊದಲ ಸೋಲೋ. ಏನೇನು ಬರೆದು ಸಹಿ ಹಾಕಬೇಕೋ ಹಾಕು," ಎಂದರು. ತರಬೇತಿ ಆಗಿದೆ ಅಂತ ಒಂದು, 90 ದಿನ ಒಬ್ಬನೇ ಹಾರಬಹುದು ಅಂತ ಇನ್ನೊಂದು ಬರೆದು ಪೆನ್ನು ಕೆಳಗಿಟ್ಟೆ. ಅವರು ಅದನ್ನೇ ನೋಡುತ್ತ ಕೂತರು. ಸೋಲೋಗೆ ಮುಂಚೆ ಹುಡುಗನಿಗೆ ನಾನೇ ಒಂದು ಲಿಖಿತ ಪರೀಕ್ಷೆ ಕೊಟ್ಟು, ತಪ್ಪಿದ್ದನ್ನು ತಿದ್ದಿ, ಅದಕ್ಕೂ ಸಹಿ ಹಾಕಬೇಕು. ಬಿಟ್ಟೇಬಿಟ್ಟಿದ್ದೆ. ಅದಕ್ಕೂ ಮೊದಲು ಟೇಕಾಫ್‌ನಲ್ಲಿ ವಿಮಾನ ಎಡಕ್ಕೆ ಯಾಕೆ ಎಳೆಯುತ್ತದೆ ಅಂತ ಬೋರ್ಡು ತುಂಬ ಬರೆದು ಬೀಗಿದ್ದೆ. "ನಿನಗೆ ಗೊತ್ತಿರೋದು ನನಗೆ ಗೊತ್ತಾಯ್ತು. ಹುಡುಗನಿಗೆ ಏನು ಗೊತ್ತಾಯ್ತು?" ಅಂತ ಕೇಳಿದ್ದರು.

ಫೇಲಾದರೆ ಎಲ್ಲವನ್ನೂ ಮತ್ತೆ ಮಾಡಬೇಕಿಲ್ಲ. 60 ದಿನದೊಳಗೆ ಹೋದರೆ ಬಿದ್ದ ಭಾಗ ಮತ್ತು ಉಳಿದ ಭಾಗ ಮಾತ್ರ. ನನ್ನ ಗುರುಗಳು ಮತ್ತೆ ಕೂರಿಸಿ ಪಾಠ ಮಾಡಿ, ಮತ್ತೆ ಸಹಿ ಹಾಕಿ ಕಳಿಸಿದರು. ಮೂರನೇ ವಾರ ಪಾಸಾದೆ.

ಸಹಿಯ ಭಾರ ಗೊತ್ತಾಗಿದ್ದು ನನ್ನ ಮೊದಲ ವಿದ್ಯಾರ್ಥಿನಿ ಒಬ್ಬಳೇ ಹೊರಟ ದಿನ. ಟ್ಯಾಕ್ಸಿವೇ ಪಕ್ಕ ಕೈಯಲ್ಲೊಂದು ರೇಡಿಯೋ ಹಿಡಿದು ನಿಂತಿದ್ದೆ. ಮೂರು ಸುತ್ತು. ಎರಡನೇ ಲ್ಯಾಂಡಿಂಗ್‌ನಲ್ಲಿ ಸ್ವಲ್ಪ ಪುಟಿದಾಗ ನನ್ನ ಬಲಗೈ ತಾನಾಗೇ ಹಿಂದಕ್ಕೆ ಎಳೆಯಿತು, ಇಲ್ಲದ ಯೋಕನ್ನು.

2024ರ ಡಿಸೆಂಬರ್‌ನಿಂದ ಕೊಡುವ ಇನ್‌ಸ್ಟ್ರಕ್ಟರ್ ಕಾರ್ಡಿನ ಮೇಲೆ ಮುಕ್ತಾಯದ ದಿನಾಂಕ ಇರುವುದಿಲ್ಲ. ಹಾಗಂತ ಆರಾಮಾಗಿ ಕೂರುವಂತಿಲ್ಲ. 24 ತಿಂಗಳಿಗೊಮ್ಮೆ ರಿಫ್ರೆಷರ್ ಕೋರ್ಸ್ ಮಾಡಬೇಕು. ಇಲ್ಲವೇ ಆ ಅವಧಿಯಲ್ಲಿ ಕನಿಷ್ಠ ಐವರನ್ನು ಪ್ರಾಕ್ಟಿಕಲ್ ಪರೀಕ್ಷೆಗೆ ಕಳಿಸಿ, ಶೇ. 80 ಮಂದಿ ಮೊದಲ ಸಲಕ್ಕೇ ಪಾಸಾಗಿರಬೇಕು. ಬೇರೆ ದಾರಿಗಳೂ ಇವೆ. ವಾರಾಂತ್ಯದ ಮೇಷ್ಟರಿಗೆ ಕೋರ್ಸೇ ಸುಲಭ.

ಊರಿಗೆ ಹೋದಾಗಲೆಲ್ಲ ಚಿಕ್ಕಪ್ಪನ ಮಗ ಕೇಳುತ್ತಾನೆ, "ಬೆಂಗಳೂರಿನ ಜಕ್ಕೂರು ಫ್ಲೈಯಿಂಗ್ ಸ್ಕೂಲಿಗೆ ಬಂದು ಹೇಳ್ಕೊಡೋ." ಈ ಕಾರ್ಡು ಅಲ್ಲಿ ನಡೆಯುವುದಿಲ್ಲ. ಮೊದಲು ಅಲ್ಲಿನ ವಿಮಾನಯಾನ ಇಲಾಖೆ ಡಿಜಿಸಿಎಯ ಪರೀಕ್ಷೆ ಬರೆದು ಭಾರತದ ಕಮರ್ಷಿಯಲ್ ಲೈಸೆನ್ಸ್ ಪಡೆಯಬೇಕು, ಆಮೇಲೆ ಅಲ್ಲಿಯದೇ ಇನ್‌ಸ್ಟ್ರಕ್ಟರ್ ರೇಟಿಂಗ್. ಏರ್ ರೆಗ್ಯುಲೇಷನ್ಸ್ ಪುಸ್ತಕ ತರಿಸಿ ಆರು ತಿಂಗಳಾಯಿತು. ಇನ್ನೂ ಪ್ಲಾಸ್ಟಿಕ್ ಕವರ್ ಬಿಚ್ಚಿಲ್ಲ.