ಐದು ಸಾಲಿನ ಟೇಬಲ್‌ನಲ್ಲಿ ನೆಸ್ಟೆಡ್ ಕ್ವೆರಿ ಪರೀಕ್ಷೆ: ನನ್ನ ಅನುಭವ

ನಾವು ಬೆಂಗಳೂರಿನಲ್ಲಿ ಕಟ್ಟುತ್ತಿರುವ ರಿಲೇಶನಲ್ ಎಂಜಿನ್‌ನ (ಟೇಬಲ್‌ಗಳಲ್ಲಿ ಡೇಟಾ ಇಟ್ಟು ಕ್ವೆರಿಗಳಿಗೆ ಉತ್ತರ ಕೊಡುವ ಡೇಟಾಬೇಸ್) ಸಬ್‌ಕ್ವೆರಿ ಭಾಗದಲ್ಲಿ, ಅಂದರೆ ಒಂದು ಕ್ವೆರಿಯ ಒಳಗೆ ಇನ್ನೊಂದು ಇರುವ ನೆಸ್ಟೆಡ್ ಕ್ವೆರಿಗಳನ್ನು ನಡೆಸುವ ಭಾಗದಲ್ಲಿ, ಕಳೆದ ಒಂದೂವರೆ ವರ್ಷದಲ್ಲಿ ಹತ್ತಿರ ಹತ್ತಿರ 70 ತಪ್ಪುಗಳನ್ನು ಹಿಡಿದಿದ್ದೇನೆ. ಕ್ರ್ಯಾಶ್ ಆಗುವ ತಪ್ಪುಗಳಲ್ಲ, ಸದ್ದಿಲ್ಲದೆ ತಪ್ಪು ಉತ್ತರ ಕೊಡುವಂಥವು. ಅವುಗಳಲ್ಲಿ ಅರವತ್ತಕ್ಕೂ ಹೆಚ್ಚು ಸಿಕ್ಕಿದ್ದು ಐದು ಸಾಲು ಮೀರದ ಟೇಬಲ್‌ಗಳಲ್ಲಿ.

ಈ ದಾರಿ ಹಿಡಿದಾಗ ತಂಡದಲ್ಲಿ ಒಬ್ಬರನ್ನು ಬಿಟ್ಟರೆ ಯಾರೂ ಒಪ್ಪಲಿಲ್ಲ. "ಐದು ಸಾಲಿಗೆ ಆಪ್ಟಿಮೈಸರ್ ಹ್ಯಾಶ್ ಜಾಯಿನ್ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ನೆಸ್ಟೆಡ್ ಲೂಪ್ ಒಂದನ್ನೇ ಪರೀಕ್ಷಿಸುತ್ತಾ ಕೂರುತ್ತೀರಿ" ಎಂದು ಹಿರಿಯರೊಬ್ಬರು ಸಭೆಯಲ್ಲೇ ಹೇಳಿದರು. ಆಪ್ಟಿಮೈಸರ್ ಎಂದರೆ ಕ್ವೆರಿ ನಡೆಸುವ ದಾರಿಯನ್ನು (ಪ್ಲಾನ್) ಆಯ್ದುಕೊಳ್ಳುವ ಭಾಗ. ಎರಡು ಟೇಬಲ್‌ಗಳನ್ನು ಜೋಡಿಸಲು (ಜಾಯಿನ್) ಒಂದರ ಪ್ರತಿ ಸಾಲನ್ನೂ ಇನ್ನೊಂದರ ಪ್ರತಿ ಸಾಲಿನ ಜೊತೆ ಹೋಲಿಸುವುದು ನೆಸ್ಟೆಡ್ ಲೂಪ್, ಮೌಲ್ಯಗಳಿಂದ ಒಂದು ಸೂಚಿ ಕಟ್ಟಿ ಹುಡುಕುವುದು ಹ್ಯಾಶ್ ಜಾಯಿನ್. ಆಕ್ಷೇಪ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕಲು ನನಗೆ ಎಂಟು ತಿಂಗಳು ಬೇಕಾಯಿತು, ಅಷ್ಟರೊಳಗೆ ಹಣವೂ ಸಾಕಷ್ಟು ಕರಗಿತು.

ಮೊದಲು ನಾನೂ ಎಲ್ಲರಂತೆ ದೊಡ್ಡ ಡೇಟಾ ನಂಬಿದೆ. ಕ್ಲೌಡ್‌ನಲ್ಲಿ ನಾಲ್ಕು ದೊಡ್ಡ ಯಂತ್ರಗಳನ್ನು ಬಾಡಿಗೆಗೆ ಪಡೆದು, ಎರಡು ಕೋಟಿ ಸಾಲುಗಳ ಟೇಬಲ್ ತುಂಬಿಸಿ, ಕೈಯಲ್ಲಿ ಬರೆದ 300 ಚಿಲ್ಲರೆ ಕ್ವೆರಿಗಳನ್ನು ಓಡಿಸಿದೆ. ಮೂರು ತಿಂಗಳಿಗೆ ಬಿಲ್ ಸುಮಾರು 1.8 ಲಕ್ಷ ರೂಪಾಯಿ. ಸಿಕ್ಕ ತಪ್ಪುಗಳು ಮೂರು, ಮೂರೂ ಮೆಮೊರಿ ಮುಗಿದಾಗಿನವು. ಉತ್ತರ ಸರಿಯೋ ತಪ್ಪೋ ಎಂದು ಹೇಳುವವರೇ ಇಲ್ಲದ ಮೇಲೆ ಎರಡು ಕೋಟಿ ಸಾಲು ಓಡಿಸಿ ಪ್ರಯೋಜನವೇನು? ಆ ಬಿಲ್ ನೋಡಿದ ದಿನವೇ ಯಂತ್ರಗಳನ್ನು ನಿಲ್ಲಿಸಿದೆ.

ಆಮೇಲೆ ಬೇರೆ ಎಂಜಿನ್‌ಗಳ ಜೊತೆ ಹೋಲಿಸಿ ನೋಡಿದೆ. ಇದು ಹಳೆಯ ದಾರಿ. 1998ರಲ್ಲೇ ಮೈಕ್ರೋಸಾಫ್ಟ್‌ನ ಡಾನ್ ಸ್ಲಟ್ಜ್ ಯಾದೃಚ್ಛಿಕ ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ಕ್ವೆರಿಗಳನ್ನು ಹುಟ್ಟಿಸಿ ಹಲವು ಎಂಜಿನ್‌ಗಳ ಉತ್ತರ ತಾಳೆ ನೋಡಿದ್ದರು. ನಾನು ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲೈಟ್ ಮೂರನ್ನೂ ಪಕ್ಕದಲ್ಲಿ ನಿಲ್ಲಿಸಿದೆ. ಏಳನ್ನು ಎರಡರಿಂದ ಭಾಗಿಸಿದರೆ ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲೈಟ್ 3 ಎನ್ನುತ್ತವೆ, ಮೈಎಸ್‌ಕ್ಯೂಎಲ್ ಮೂರೂವರೆ ಎನ್ನುತ್ತದೆ. ಒಂದೇ ಮೌಲ್ಯ ಕೊಡಬೇಕಾದ ಸಬ್‌ಕ್ವೆರಿ ಎರಡು ಸಾಲು ಕೊಟ್ಟರೆ ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ದೋಷ ಹೇಳಿ ನಿಲ್ಲುತ್ತವೆ. ಎಸ್‌ಕ್ಯೂಎಲೈಟ್ ಮೊದಲ ಸಾಲನ್ನು ತೆಗೆದುಕೊಂಡು ಮುಂದೆ ಹೋಗುತ್ತದೆ. ಎಸ್‌ಕ್ಯೂಎಲೈಟ್‌ನಲ್ಲಿ ಎನಿ, ಆಲ್ (ಒಳ ಕ್ವೆರಿಯ ಯಾವುದಾದರೂ ಒಂದು ಮೌಲ್ಯದ ಜೊತೆ, ಎಲ್ಲ ಮೌಲ್ಯಗಳ ಜೊತೆ ಹೋಲಿಸುವ ಪದಗಳು) ಎರಡೂ ಇಲ್ಲ. ದಿನಕ್ಕೆ ಸಾವಿರ ವ್ಯತ್ಯಾಸ ಬಂದರೆ ಅದರಲ್ಲಿ ನಮ್ಮ ತಪ್ಪು ಒಂದೋ ಎರಡೋ. ಸೋಸುವುದರಲ್ಲೇ ಆರು ವಾರ ಹೋಯಿತು.

ಯಾದೃಚ್ಛಿಕ ಕ್ವೆರಿ ಹುಟ್ಟಿಸುವ ಎಸ್‌ಕ್ಯೂಎಲ್‌ಸ್ಮಿತ್ ಎಂಬ ಸಾಧನ ಓಡಿಸಿದ್ದೂ ಆಯಿತು. ಕ್ರ್ಯಾಶ್ ಹಿಡಿಯುವುದರಲ್ಲಿ ಅದು ನಿಪುಣ, ಹನ್ನೊಂದೋ ಹನ್ನೆರಡೋ ಕೊಟ್ಟಿತು. ತಪ್ಪು ಉತ್ತರ ಹಿಡಿಯುವುದು ಅದರ ಕೆಲಸವಲ್ಲ.

ಸಂಶೋಧಕರಾದ ಮ್ಯಾನುಯೆಲ್ ರಿಗರ್ ಮತ್ತು ಝೆಂಡಾಂಗ್ ಸು 2020ರಲ್ಲಿ ಪ್ರಕಟಿಸಿದ ಮೂರು ಪಾಲಿನ ವಿಧಾನದ ಮೇಲೆ ನನಗೆ ಬಹಳ ಭರವಸೆ ಇತ್ತು. ಷರತ್ತು ನಿಜವಾಗುವ ಸಾಲು, ಸುಳ್ಳಾಗುವ ಸಾಲು, ನಲ್ (ಗೊತ್ತಿಲ್ಲದ ಮೌಲ್ಯ) ಆಗುವ ಸಾಲು ಈ ಮೂರನ್ನೂ ಕೂಡಿಸಿದರೆ ಪೂರ್ತಿ ಟೇಬಲ್ ಬರಬೇಕು. ಸೊಗಸಾದ ಯೋಚನೆ, ನಮಗೂ ಐದಾರು ತಪ್ಪು ತೋರಿಸಿತು. ಆದರೆ ಸಬ್‌ಕ್ವೆರಿಯ ಮೌಲ್ಯವೇ ಮೂರು ಕಡೆಯೂ ಒಂದೇ ರೀತಿ ತಪ್ಪಾಗಿದ್ದರೆ? ಒಳಗಿನ ಕೌಂಟ್ (ಸಾಲುಗಳ ಎಣಿಕೆ) 0 ಕೊಡಬೇಕಾದಲ್ಲಿ ನಲ್ ಕೊಟ್ಟಿತು ಎಂದುಕೊಳ್ಳಿ. ಆ ಸಾಲು ಮೊದಲ ಪಾಲಿನಿಂದ ಜಾರಿ ಮೂರನೆಯ ಪಾಲಿಗೆ ಬೀಳುತ್ತದೆ, ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ. ಪರೀಕ್ಷೆ ಪಾಸ್, ಗ್ರಾಹಕನ ವರದಿ ತಪ್ಪು. ಇದನ್ನು ಕಂಡುಕೊಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಂದ ಹೊಳೆದದ್ದು ಇಷ್ಟು: ಒಳ ಕ್ವೆರಿಯನ್ನು ವ್ಯಾಖ್ಯೆಯಲ್ಲಿ ಇರುವ ಹಾಗೆಯೇ ನಡೆಸುವ ಒಂದು ನಿಧಾನದ ಯಂತ್ರ ಬೇಕು. ಹೊರಗಿನ ಪ್ರತಿ ಸಾಲಿಗೂ ಒಳ ಕ್ವೆರಿಯನ್ನು ಮೊದಲಿನಿಂದ ಓಡಿಸಬೇಕು. ಜಾಯಿನ್ ಅಲ್ಗಾರಿದಂ ಇಲ್ಲ, ಇಂಡೆಕ್ಸ್ ಇಲ್ಲ, ಹಳೆಯ ಉತ್ತರ ನೆನಪಿಟ್ಟುಕೊಳ್ಳುವ ಕ್ಯಾಶ್ ಇಲ್ಲ. ನಿಜ, ಸುಳ್ಳು, ಗೊತ್ತಿಲ್ಲ ಎಂಬ ಮೂರು ಮೌಲ್ಯಗಳ ಕೋಷ್ಟಕವನ್ನು ಕೈಯಾರೆ ಬರೆದೆ. ಒಟ್ಟು 1,400 ಸಾಲು ಪೈಥಾನ್ ಕೋಡ್. ಇದು ನಿಧಾನವಾಗಿರುವುದರಿಂದಲೇ ಟೇಬಲ್ ಚಿಕ್ಕದಿರಬೇಕು: ಮೂರು ಹಂತದ ಕ್ವೆರಿಗೆ ಐದು ಸಾಲಾದರೆ 125 ಸುತ್ತು, ಎರಡು ಕೋಟಿಯಾದರೆ ಲೆಕ್ಕವೇ ಇಲ್ಲ.

ಕ್ವೆರಿ ಮತ್ತು ಟೇಬಲ್ ಹುಟ್ಟಿಸುವ ಜನರೇಟರ್ ಜೋಡಿಸಿ, ಎಂಜಿನ್‌ನ ಉತ್ತರವನ್ನು ಪೈಥಾನ್ ಉತ್ತರದ ಜೊತೆ ತಾಳೆ ನೋಡಿದೆ. ಟೇಬಲ್‌ನಲ್ಲಿ ಸೊನ್ನೆಯಿಂದ ಐದು ಸಾಲು. ಮೌಲ್ಯಗಳು ನಲ್, 0, 1, 2 ಮಾತ್ರ. ನಾಲ್ಕು ಬಾರಿಗೆ ಒಮ್ಮೆಯಾದರೂ ಒಂದು ಟೇಬಲ್ ಪೂರ್ತಿ ಖಾಲಿ. ಮೊದಲ ತಿಂಗಳು ಹತ್ತು ದೂರುಗಳಲ್ಲಿ ಏಳು ನನ್ನ ಪೈಥಾನ್‌ನದೇ ತಪ್ಪಾಗಿದ್ದವು. ಖಾಲಿ ಗುಂಪಿನ ಮೇಲೆ 'ಆಲ್' ಹೋಲಿಕೆ ನಿಜವಾಗಬೇಕು, ಅದೇ ಜಾಗದಲ್ಲಿ ಮ್ಯಾಕ್ಸ್ (ಅತಿ ದೊಡ್ಡ ಮೌಲ್ಯ) ಬರೆದರೆ ನಲ್ ಬರುತ್ತದೆ. ಈ ಎರಡನ್ನೂ ಒಂದೇ ಎಂದು ಬರೆದುಬಿಟ್ಟಿದ್ದೆ. ಸಂದೇಹ ಬಂದಾಗಲೆಲ್ಲ ಪೋಸ್ಟ್‌ಗ್ರೆಸ್ ಕೇಳಿ ತಿದ್ದಿಕೊಂಡೆ.

ಇನ್ನು ಹಿರಿಯರ ಆಕ್ಷೇಪಕ್ಕೆ ಉತ್ತರ. ಟೇಬಲ್‌ನಲ್ಲಿ ಐದೇ ಸಾಲಿದ್ದರೂ ಹತ್ತು ಲಕ್ಷ ಇವೆ ಎಂದು ಅಂಕಿಅಂಶ ಕ್ಯಾಟಲಾಗ್‌ಗೆ ಸುಳ್ಳು ಬರೆದರೆ ಆಪ್ಟಿಮೈಸರ್ ನಂಬುತ್ತದೆ. ಹ್ಯಾಶ್, ಮರ್ಜ್, ಮೆಟೀರಿಯಲೈಸ್ ಎಂಬ ಬೇರೆ ಬೇರೆ ವಿಧಾನಗಳೆಲ್ಲವೂ ಹೊರಗೆ ಬರುತ್ತವೆ. ಜೊತೆಗೆ ಪೋಸ್ಟ್‌ಗ್ರೆಸ್‌ನಲ್ಲಿ ನೆಸ್ಟೆಡ್ ಲೂಪ್ ಆಫ್ ಮಾಡುವ ಸ್ವಿಚ್ ಇರುವಂತೆ ನಮ್ಮಲ್ಲೂ ಎಂಟು ಸ್ವಿಚ್ ಹಾಕಿಸಿದೆ. ಒಂದೇ ಕ್ವೆರಿ, ಒಂದೇ ಡೇಟಾ, ಎಂಟು ಹತ್ತು ಬೇರೆ ಬೇರೆ ಪ್ಲಾನ್, ಎಲ್ಲದರ ಉತ್ತರವೂ ಪೈಥಾನ್ ಉತ್ತರಕ್ಕೆ ಸರಿಹೊಂದಬೇಕು. ಯಾವ ಕಾಲಂಗೆ ಎಷ್ಟು ಸುಳ್ಳು ಹೇಳಬೇಕು ಎಂಬ ಅನುಪಾತವನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಎರಡು ತಿಂಗಳು ದುಡಿದಿದ್ದೇನೆ, ಸದ್ಯಕ್ಕೆ ಅದು ನನ್ನ ಬಳಿಯೇ ಇರಲಿ.

ಎಸ್.ಪಿ. ರಸ್ತೆಯಲ್ಲಿ 22 ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಂದು ಮನೆಯಲ್ಲೇ ಓಡಿಸಿದೆ. ರಾತ್ರಿಗೆ ಸುಮಾರು 30 ಲಕ್ಷ ಕ್ವೆರಿ. ವಿದ್ಯುತ್ ಬಿಲ್ ತಿಂಗಳಿಗೆ 600 ರೂಪಾಯಿಯಷ್ಟು ಏರಿತು, ಅಷ್ಟೇ ಖರ್ಚು.

ಮೊದಲ ರಾತ್ರಿಯೇ ಸಿಕ್ಕಿದ್ದು ಕೌಂಟ್ ದೋಷ. ಸಂಶೋಧಕ ವಾನ್ ಕಿಮ್ 1982ರಲ್ಲಿ ನೆಸ್ಟೆಡ್ ಕ್ವೆರಿಯನ್ನು ಜಾಯಿನ್ ಆಗಿ ಬಿಚ್ಚುವ ವಿಧಾನ ಕೊಟ್ಟರು. ನೌಕರರೇ ಇಲ್ಲದ ಇಲಾಖೆಗೆ ಕೌಂಟ್ ಸೊನ್ನೆ ಬರಬೇಕಾದಲ್ಲಿ ಆ ಇಲಾಖೆಯೇ ಮಾಯವಾಗುತ್ತದೆ ಎಂಬುದು ಆಮೇಲೆ ಗೊತ್ತಾಯಿತು. 1987ರಲ್ಲಿ ಗ್ಯಾನ್ಸ್ಕಿ ಮತ್ತು ವಾಂಗ್ ಔಟರ್ ಜಾಯಿನ್ (ಜೋಡಿ ಸಿಗದ ಸಾಲನ್ನೂ ಉಳಿಸುವ ಜಾಯಿನ್) ಹಾಕಿ ಸರಿಪಡಿಸಿದರು. ಪಠ್ಯದಲ್ಲಿ ಓದಿದ ಈ ತಪ್ಪು ನಮ್ಮಲ್ಲಿ ಇರಲಾರದು ಎಂದೇ ಎಲ್ಲರೂ ನಂಬಿದ್ದೆವು. ಔಟರ್ ಜಾಯಿನ್ ಹಾಕಿದ್ದೆವು, ನಿಜ. ಆದರೆ ಕೌಂಟ್‌ಗೆ ಒಂದನ್ನು ಕೂಡಿಸಿ ಬರೆದರೆ ಸೊನ್ನೆ ತುಂಬುವ ಕೋಡ್ ದಾರಿ ತಪ್ಪುತ್ತಿತ್ತು: 1 ಬರಬೇಕಾದಲ್ಲಿ ನಲ್.

ಎರಡನೆಯದು ನಾಟ್ ಇನ್ (ಒಳ ಕ್ವೆರಿಯ ಉತ್ತರದಲ್ಲಿ ಇಲ್ಲದ ಸಾಲುಗಳನ್ನು ಕೇಳುವುದು), ಎರಡು ಕಾಲಂ ಇದ್ದಾಗ. ಎಡಗಡೆ (1, ನಲ್), ಒಳಗೆ (0, 2) ಮಾತ್ರ ಇದೆ. 1 ಮತ್ತು 0 ಬೇರೆಯಾದ ಮೇಲೆ ಹೋಲಿಕೆ ಖಚಿತವಾಗಿ ಸುಳ್ಳು, ಆದ್ದರಿಂದ ಸಾಲು ಉಳಿಯಬೇಕು. ನಮ್ಮ ಹ್ಯಾಶ್ ಆಂಟಿ ಜಾಯಿನ್ (ಜೋಡಿ ಸಿಗದ ಸಾಲುಗಳನ್ನಷ್ಟೇ ಉಳಿಸುವುದು) ನಲ್ ಕಂಡ ಕೂಡಲೇ 'ಗೊತ್ತಿಲ್ಲ' ಎಂದು ಸಾಲನ್ನು ಬಿಸಾಡುತ್ತಿತ್ತು.

ನನಗೆ ಅತ್ಯಂತ ಹೆಮ್ಮೆ ತಂದದ್ದು ಮೂರನೆಯದು. ಮೂರು ಹಂತದ ಕ್ವೆರಿ, ಅದರಲ್ಲಿ ತೀರ ಒಳಗಿನದು ಮಧ್ಯದ್ದನ್ನು ದಾಟಿ ತೀರ ಹೊರಗಿನ ಕಾಲಂ ಬಳಸುತ್ತದೆ. ಒಳ ಕ್ವೆರಿಯ ಉತ್ತರವನ್ನು ನೆನಪಿಟ್ಟುಕೊಳ್ಳುವ ಕ್ಯಾಶ್ ಮಧ್ಯದ ಕಾಲಂ ಒಂದನ್ನೇ ಕೀಲಿಯಾಗಿ ಇಟ್ಟುಕೊಂಡಿತ್ತು. ಹೊರಗಿನ ಸಾಲು ಬದಲಾದರೂ ಹಳೆಯ ಉತ್ತರವನ್ನೇ ಕೊಡುತ್ತಿತ್ತು. ಎರಡು ಕೋಟಿ ಸಾಲಿನಲ್ಲಿ ಇದು ಏಕೆ ಸಿಗಲಿಲ್ಲ ಗೊತ್ತೇ? ಅಲ್ಲಿ ನಾನು ತುಂಬಿಸಿದ ಐಡಿಗಳೆಲ್ಲ ಒಂದಕ್ಕಿಂತ ಒಂದು ಬೇರೆ. ಒಂದೇ ಕೀಲಿ ಎರಡು ಬಾರಿ ಬರಲೇ ಇಲ್ಲ, ಕ್ಯಾಶ್ ಒಮ್ಮೆಯೂ ಬಳಕೆಯಾಗಲಿಲ್ಲ. 0, 1, 2 ಮಾತ್ರ ಇರುವ ಟೇಬಲ್‌ನಲ್ಲಿ ಪ್ರತಿ ಎರಡನೆಯ ಸಾಲಿಗೂ ಕ್ಯಾಶ್ ತಗಲುತ್ತದೆ.

ಅಷ್ಟಾದರೂ ಕೆಲವರು ಒಪ್ಪಲಿಲ್ಲ. ಆಗ ಅವರ ಕೈಯಲ್ಲೇ 30 ತಪ್ಪುಗಳನ್ನು ಎಂಜಿನ್‌ನ ಒಂದು ಪ್ರತಿಯಲ್ಲಿ ಬಚ್ಚಿಡಿಸಿದೆ. ಕ್ವೆರಿಯನ್ನು ಬೇಕೆಂದೇ ಕೆಡಿಸಿ, ಆ ವ್ಯತ್ಯಾಸ ಬಯಲು ಮಾಡುವ ಡೇಟಾ ಹುಟ್ಟಿಸುವ ಕೆಲಸವನ್ನು ಐಐಟಿ ಬಾಂಬೆಯ ಎಕ್ಸ್‌ಡೇಟಾ ಯೋಜನೆ ಮಾಡಿದೆ. ನಾನು ಎಂಜಿನ್ನನ್ನೇ ಕೆಡಿಸಿದೆ. ಎರಡು ರಾತ್ರಿಗಳಲ್ಲಿ 26 ಸಿಕ್ಕವು. ಉಳಿದ ನಾಲ್ಕೂ ಮೆಮೊರಿ ಸಾಲದೆ ಡಿಸ್ಕ್‌ಗೆ ಚೆಲ್ಲಿದಾಗ ಮಾತ್ರ ಕಾಣುವಂಥವು. ಹ್ಯಾಶ್ ಟೇಬಲ್‌ಗೆ ಎರಡೇ ಸಾಲು ಹಿಡಿಯುವಷ್ಟು ಮೆಮೊರಿ ಮಿತಿ ಹಾಕಿದ ಮೇಲೆ ಅವುಗಳಲ್ಲೂ ಎರಡು ಸಿಕ್ಕವು. ಹಿರಿಯರು ಮರುದಿನವೇ ಬಂದು, "ಇದನ್ನು ರಾತ್ರಿಯ ಪರೀಕ್ಷೆಗೆ ಸೇರಿಸಿಬಿಡಿ" ಎಂದರು.

ಬಿಡುವಿನಲ್ಲಿ ಕನ್ನಡ ಅಕ್ಷರಗಳನ್ನೂ ಟೇಬಲ್‌ಗೆ ಹಾಕಿ ನೋಡಿದೆ. 'ಸೂರ್ಯ' ಎಂದು ಅರ್ಕಾವತ್ತಿನಲ್ಲಿ ಬರೆದದ್ದು, 'ಸೂರ‍್ಯ' ಎಂದು ಯ ಒತ್ತು ಕೊಟ್ಟು ಬರೆದದ್ದು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದು ಇರುತ್ತದೆ, ಯೂನಿಕೋಡ್ ವಿಂಗಡಣೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಎರಡೂ ಸಮ ಎಂದು ನಮ್ಮ ಹೋಲಿಕೆ ಹೇಳುತ್ತದೆ. ಹ್ಯಾಶ್ ಮಾತ್ರ ಬೈಟ್‌ಗಳನ್ನೇ ನೋಡುತ್ತಿತ್ತು. ನೆಸ್ಟೆಡ್ ಲೂಪ್‌ನಲ್ಲಿ ಸಿಕ್ಕ ಸಾಲು ಹ್ಯಾಶ್ ಸೆಮಿ ಜಾಯಿನ್‌ನಲ್ಲಿ (ಜೋಡಿ ಸಿಕ್ಕ ಸಾಲುಗಳನ್ನಷ್ಟೇ ಉಳಿಸುವುದು) ಕಾಣೆಯಾಯಿತು. ಮತದಾರರ ಪಟ್ಟಿ, ಪಹಣಿಯಂಥ ಡೇಟಾದಲ್ಲಿ ಒಂದೇ ಹೆಸರು ಹೀಗೆ ಎರಡು ಬಗೆಯಲ್ಲಿ ಬಂದರೆ ಏನಾಗಬಹುದು ಎಂದು ಯೋಚಿಸಿ ಅದನ್ನು ಅಂದೇ ಸರಿಪಡಿಸಿದೆ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಹಾಕಿ ಪರೀಕ್ಷಿಸುವವರು ದಯವಿಟ್ಟು ಇದನ್ನೊಮ್ಮೆ ನೋಡಿ.

ನಮ್ಮ ಐಐಎಸ್‌ಸಿಯಲ್ಲಿ ಜಯಂತ್ ಹರಿತ್ಸ ಅವರ ತಂಡ ಮಾಡಿದ ಪಿಕಾಸೊ ಸಾಧನ ಪ್ಲಾನ್‌ಗಳ ನಕ್ಷೆ ಬಿಡಿಸುತ್ತದೆ. ಅದನ್ನು ಅನುಸರಿಸಿ, ಸುಳ್ಳು ಅಂಕಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಒಂದೇ ಕ್ವೆರಿಗೆ ಎಷ್ಟು ಬೇರೆ ಪ್ಲಾನ್ ಬರುತ್ತವೆ ಎಂದು ಬಣ್ಣ ಹಚ್ಚಿದೆ. ಒಂದಕ್ಕೆ 19 ಬಣ್ಣ ಬಂದವು. ಹೊಸ ತಪ್ಪೇನೂ ಸಿಗಲಿಲ್ಲ, ಆದರೆ ಯಾವ ಪ್ಲಾನ್ ಒಮ್ಮೆಯೂ ಓಡಿಲ್ಲ ಎಂಬುದು ಗೋಡೆಯ ಮೇಲೆ ಕಾಣುವಂತಾಯಿತು.

ಇನ್ನೂ ಒಂದು ಬಾಕಿ ಇದೆ. ಒಳ ಕ್ವೆರಿಯಲ್ಲಿ ಬರೆದ ಕೌಂಟ್‌ನ ಒಳಗೆ ಹೊರಗಿನ ಕಾಲಂ ಮಾತ್ರ ಇದ್ದರೆ, ಆ ಕೌಂಟ್ ಹೊರ ಕ್ವೆರಿಗೆ ಸೇರಿದ್ದು ಎಂಬುದು ನಿಯಮ. ನನ್ನ ಪೈಥಾನ್‌ಗೆ ಅದಿನ್ನೂ ಬರುವುದಿಲ್ಲ. ಸದ್ಯ ಅಂಥ ಕ್ವೆರಿ ಹುಟ್ಟದಂತೆ ಜನರೇಟರ್ ತಡೆದು, ಈ ವಾರ ಅದನ್ನೇ ಬರೆಯುತ್ತಿದ್ದೇನೆ.