ರಾತ್ರಿ 11.40ಕ್ಕೆ ತೆಗೆದ ಫೋಟೋ

ನನ್ನ ಮಗನ ಬಲಗೈ ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ. ಮಣಿಕಟ್ಟನ್ನು ಕೆಳಗೆ ಬಗ್ಗಿಸಿದರೆ ಒಂದಿಷ್ಟು ಬಿಚ್ಚುತ್ತವೆ. ನೆಟ್ಟಗೆ ಮಾಡಿದರೆ ಮತ್ತೆ ಮುದುರಿಕೊಳ್ಳುತ್ತವೆ. ಇದಕ್ಕೆ ಫೋಲ್ಕ್‌ಮನ್ ಕಾಂಟ್ರಾಕ್ಚರ್ ಅಂತಾರೆ. ಜರ್ಮನಿಯ ಸರ್ಜನ್ ರಿಚರ್ಡ್ ಫಾನ್ ಫೋಲ್ಕ್‌ಮನ್ ಇದರ ಬಗ್ಗೆ 1881ರಲ್ಲೇ ಬರೆದಿದ್ದರು, ಬಿಗಿ ಕಟ್ಟಿನಿಂದ ಹೀಗಾಗುತ್ತದೆ ಎಂದು. ನನ್ನ ಮಗನಿಗೆ ಆಗಿದ್ದು 2022ರಲ್ಲಿ.

ಏಪ್ರಿಲ್ ರಜೆ. ಅವನಿಗೆ ಒಂಬತ್ತು ವರ್ಷ. ಸಂಜೆ ನಾಲ್ಕಕ್ಕೆ ತೋಟದ ಮಾವಿನ ಮರದಿಂದ ಬಿದ್ದ, ಮುಂಗೈಯ ಎರಡೂ ಮೂಳೆ ಮುರಿದವು. ನಮ್ಮೂರು ತಿಪಟೂರು ಕಡೆ. ಹತ್ತಿರದ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಏಳು ಗಂಟೆಗೆ ಮೂಳೆ ಕೂರಿಸಿ ಮೊಣಕೈ ಮೇಲಿನವರೆಗೆ ಪ್ಲಾಸ್ಟರ್ ಹಾಕಿದರು. ಡಾಕ್ಟರ್ ಎಕ್ಸ್‌ರೇ ತೋರಿಸಿ "ಚೆನ್ನಾಗಿ ಕೂತಿದೆ" ಅಂದರು. ಕೂತಿತ್ತು ಕೂಡ.

ಒಂಬತ್ತಕ್ಕೆ ಅಳಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಸಿಸ್ಟರ್ ಬಂದು ಇಂಜೆಕ್ಷನ್ ಕೊಟ್ಟರು. "ಮೂಳೆ ಮುರಿದಿದೆ, ನೋವು ಇದ್ದೇ ಇರುತ್ತೆ, ಬೆಳಿಗ್ಗೆ ಡಾಕ್ಟರ್ ಬರ್ತಾರೆ" ಅಂದರು. ಬೆರಳುಗಳು ಊದಿ ನೀಲಿಯಾಗಿದ್ದವು. ಮುಟ್ಟಿದರೆ ತಣ್ಣಗೆ. ಒಂದು ಬೆರಳನ್ನು ನೆಟ್ಟಗೆ ಮಾಡಲು ಹೋದೆ, ಮಗು ಕಿರುಚಿಕೊಂಡಿತು. ನನ್ನ ಹೆಂಡತಿ ಅದರ ಫೋಟೋ ತೆಗೆದು ತನ್ನ ಅಣ್ಣನಿಗೆ ಕಳಿಸಿದಳು. ಆಗ ರಾತ್ರಿ 11.40. ಆಮೇಲೆ ಇನ್ನೂ ಎರಡು ಇಂಜೆಕ್ಷನ್. ಡಾಕ್ಟರ್ ಬಂದದ್ದು ಬೆಳಿಗ್ಗೆ 9.15ಕ್ಕೆ. ಬೆರಳು ನೋಡಿದ ತಕ್ಷಣ ಅವರ ಮುಖ ಬದಲಾಯಿತು. ಪ್ಲಾಸ್ಟರ್ ಕತ್ತರಿಸಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕೈಯನ್ನು ಉದ್ದಕ್ಕೂ ಕೊಯ್ದು ಒತ್ತಡ ಇಳಿಸಿದರು. ಸತ್ತ ಮಾಂಸಖಂಡವನ್ನು ಒಂದಿಷ್ಟು ತೆಗೆಯಬೇಕಾಯಿತು.

ಒಳಗೆ ಆಗಿದ್ದೇನು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮುಂಗೈಯ ಮಾಂಸಖಂಡಗಳ ಸುತ್ತ ಗಟ್ಟಿ ಪೊರೆ ಇರುತ್ತದೆ. ಮೂಳೆ ಮುರಿದಾಗ ಒಳಗೆ ಊತ ಬರುತ್ತದೆ. ಹೊರಗಿನ ಪ್ಲಾಸ್ಟರ್ ಹಿಗ್ಗುವುದಿಲ್ಲ. ಒತ್ತಡ ಏರಿ ಮಾಂಸಖಂಡಕ್ಕೆ ರಕ್ತ ನಿಂತುಹೋಗುತ್ತದೆ. ಸುಮಾರು ಆರು ಗಂಟೆ ಹೀಗೇ ಬಿಟ್ಟರೆ ಅದು ಸಾಯಲು ಶುರುವಾಗುತ್ತದೆ. ಮೊದಲ ಎಚ್ಚರಿಕೆ ನೋವೇ: ಇಂಜೆಕ್ಷನ್ ಕೊಟ್ಟರೂ ತಗ್ಗದ ನೋವು, ಬೆರಳು ನೆಟ್ಟಗೆ ಮಾಡಿದರೆ ತಡೆಯಲಾಗದ ನೋವು. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆ ಅಂದಮಾತ್ರಕ್ಕೆ ಧೈರ್ಯವಾಗಿ ಇರುವಂತಿಲ್ಲ, ನಾಡಿ ಹೊಡೆಯುತ್ತಲೇ ಒಳಗಿನ ಮಾಂಸ ಸಾಯಬಹುದು. ಮೊದಲು ಮಾಡಬೇಕಾದದ್ದು ಪ್ಲಾಸ್ಟರನ್ನೂ ಅದರ ಕೆಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಸೀಳುವುದು. ಅದಕ್ಕೆ ಆಪರೇಷನ್ ಥಿಯೇಟರ್ ಕೂಡ ಬೇಡ.

ಊರಲ್ಲಿ ಕೆಲವರು ಪೊಲೀಸ್ ಸ್ಟೇಷನ್‌ಗೆ ಹೋಗೋಣ ಅಂದರು. ಆಸ್ಪತ್ರೆ ಮುಂದೆ ಗಲಾಟೆ ಮಾಡೋಣ ಅಂದವರೂ ಇದ್ದರು. ಎರಡೂ ಬೇಡ ಅಂದೆ. ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಕೇಸಿನಲ್ಲಿ, ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಡೆಯಬೇಕಾದರೆ ಸಾಧಾರಣ ನಿರ್ಲಕ್ಷ್ಯ ಸಾಲದು, ತೀರಾ ಗಂಭೀರವಾದದ್ದು ಇರಬೇಕು ಎಂದಿದೆ. ನನಗೆ ಯಾರೂ ಜೈಲಿಗೆ ಹೋಗಬೇಕಿರಲಿಲ್ಲ. ಆ ರಾತ್ರಿ ಏನಾಯಿತು ಅಂತ ಒಂದು ಕಡೆ ದಾಖಲಾಗಬೇಕಿತ್ತು, ಮಗನ ಮುಂದಿನ ಆಪರೇಷನ್‌ಗಳಿಗೆ ದುಡ್ಡು ಬೇಕಿತ್ತು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕರ ಕಾನೂನಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಾಗಾಗಿ ಗ್ರಾಹಕರ ಕೋರ್ಟಿನ ದಾರಿ ಹಿಡಿದೆ.

ಮೊದಲು ಕೇಳಿದ್ದು ಕೇಸ್ ಶೀಟ್. ಡಿಸ್ಚಾರ್ಜ್ ಸಮ್ಮರಿ ಅಲ್ಲ, ಪೂರ್ತಿ ಫೈಲು: ನರ್ಸ್ ಬರೆದ ಪುಟಗಳು, ಔಷಧಿ ಚಾರ್ಟ್, ಕ್ಯಾಶುಯಾಲಿಟಿ ರಿಜಿಸ್ಟರಿನ ಪ್ರತಿ, ಎಕ್ಸ್‌ರೇ. ಎರಡು ಸಲ ಹೋದಾಗಲೂ "ಡಾಕ್ಟರ್ ಬರಲಿ" ಅಂತ ವಾಪಸ್ ಕಳಿಸಿದರು. ಮೂರನೇ ಸಲ ಬಾಯಲ್ಲಿ ಕೇಳಲಿಲ್ಲ. ಅರ್ಜಿ ಬರೆದು ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದೆ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಂತೆ, ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆ ಒಂದು ವಾಕ್ಯವನ್ನು ಅರ್ಜಿಯಲ್ಲಿ ಸೇರಿಸಿದ್ದೆ. ಐದನೇ ದಿನ ಫೋನ್ ಬಂತು, ಬಂದು ತಗೊಂಡು ಹೋಗಿ ಅಂತ.

ಒಟ್ಟು 41 ಪುಟ. ಊಟ ಆದ ಮೇಲೆ ನಾವಿಬ್ಬರೂ ನಡುಮನೆಯಲ್ಲಿ ಹಾಳೆಗಳನ್ನು ಹರಡಿಕೊಂಡು ಕೂತೆವು. ಮಗನ ಹಳೇ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ ಆಸ್ಪತ್ರೆ ಬರೆದದ್ದು, ಬಲಕ್ಕೆ ನಮ್ಮ ಹತ್ತಿರ ಇರುವುದು, ಅಂದರೆ ಫೋಟೋ, ವಾಟ್ಸಾಪ್, ಕಾಲ್ ಲಿಸ್ಟ್. ಪ್ರತಿಯೊಂದಕ್ಕೂ ಗಂಟೆ ನಿಮಿಷ. ಈ ಕೆಲಸಕ್ಕೆ ನಾಲ್ಕು ರಾತ್ರಿ ಬೇಕಾಯಿತು. ನನ್ನ ಕೇಸಿನ ಮುಕ್ಕಾಲು ಭಾಗ ಅಲ್ಲೇ ಮುಗಿದಿತ್ತು ಅಂತ ಈಗ ಅನ್ನಿಸುತ್ತದೆ. ರಾತ್ರಿ 11.30ರ ಸಾಲಿನಲ್ಲಿ ನರ್ಸ್ ಬರೆದಿದ್ದರು, "ರೋಗಿ ಆರಾಮಾಗಿ ಮಲಗಿದ್ದಾನೆ" ಎಂದು. ಹತ್ತು ನಿಮಿಷದ ನಂತರದ್ದು ನಮ್ಮ ಫೋಟೋ. ಇನ್ನೊಂದನ್ನು ಹೆಂಡತಿ ಹಿಡಿದಳು. ಔಷಧಿ ಚಾರ್ಟಿನಲ್ಲಿ ನೋವಿನ ಇಂಜೆಕ್ಷನ್ ಮೂರು ಸಲ ಇತ್ತು, 9.20, 12.15, 3.40. "ಆರಾಮಾಗಿ ಮಲಗಿದವನಿಗೆ ಇದ್ಯಾಕೆ ಕೊಟ್ರು?" ಅಂದಳು. ಫೋಟೋವನ್ನು ಯಾರಾದರೂ ಅನುಮಾನಿಸಬಹುದು. ಆದರೆ ಚಾರ್ಟ್ ಅವರದೇ ಕೈಬರಹ, ಅಲ್ವಾ?

ದೂರಿನ ಮೊದಲ ಕರಡಿನಲ್ಲಿ ನಾನು ತಪ್ಪು ಮಾಡಿದ್ದೆ. ಪ್ಲಾಸ್ಟರ್ ಹಾಕಿದ್ದೇ ಸರಿಯಿಲ್ಲ, ಡಾಕ್ಟರಿಗೆ ಕೆಲಸವೇ ಗೊತ್ತಿಲ್ಲ ಅಂತೆಲ್ಲ ಸಿಟ್ಟಿನಲ್ಲಿ ಬರೆದಿದ್ದೆ. ಕೆಲಸದಲ್ಲಿರುವ ಮೂಳೆ ಡಾಕ್ಟರುಗಳು ಯಾರೂ ಫೈಲ್ ನೋಡಲು ಒಪ್ಪಲಿಲ್ಲ. ಕೊನೆಗೆ ನಿವೃತ್ತ ಪ್ರೊಫೆಸರ್ ಒಬ್ಬರು ಓದಿದರು. ಓದಿ ಹೇಳಿದ್ದು ಇಷ್ಟು: "ಮೂಳೆ ಚೆನ್ನಾಗಿ ಕೂರಿಸಿದ್ದಾರಪ್ಪ. ಊತ ಬರೋದು ಯಾರ ತಪ್ಪೂ ಅಲ್ಲ, ನಾನು ಹಾಕಿದ್ರೂ ಬರಬಹುದಿತ್ತು. ರಾತ್ರಿಯೆಲ್ಲ ಯಾರೂ ಬೆರಳು ನೋಡ್ಲಿಲ್ಲ, ಅದು ತಪ್ಪು. ಅದನ್ನ ಬರಿ." ಮನೆಗೆ ಬಂದು ಎಲ್ಲ ಹೊಡೆದುಹಾಕಿ ಮತ್ತೆ ಬರೆದೆ. ಹನ್ನೆರಡು ಪುಟ ಇದ್ದದ್ದು ಐದಾಯಿತು. ಅವರ ಅಭಿಪ್ರಾಯವನ್ನು ಅಫಿಡವಿಟ್ ಆಗಿ ಸೇರಿಸಿದೆ.

ಆ ಸಿಸ್ಟರನ್ನು ನಾನು ಪ್ರತಿವಾದಿ ಮಾಡಲಿಲ್ಲ. ಆ ರಾತ್ರಿ ಇಡೀ ವಾರ್ಡಿಗೆ ಆ ಹುಡುಗಿ ಒಬ್ಬಳೇ ಇದ್ದಳು. ಎರಡು ಸಲ ಡಾಕ್ಟರಿಗೆ ಫೋನ್ ಮಾಡಿದ್ದನ್ನು ನಾನೇ ನೋಡಿದ್ದೆ. ಕಡಿಮೆ ಜನರನ್ನಿಟ್ಟು ವಾರ್ಡ್ ನಡೆಸಿದ್ದು ಆಸ್ಪತ್ರೆ, ಅವಳಲ್ಲ.

2023ರ ಫೆಬ್ರವರಿಯಲ್ಲಿ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ, ಅಂದರೆ ಗ್ರಾಹಕರ ಕೋರ್ಟಿನಲ್ಲಿ, ದೂರು ಕೊಟ್ಟೆ. ಇದಕ್ಕೆ ಎರಡು ವರ್ಷದ ಗಡುವು ಇರುತ್ತದೆ. 2019ರ ಗ್ರಾಹಕರ ಕಾಯ್ದೆಯಲ್ಲಿ ಯಾವ ಆಯೋಗಕ್ಕೆ ಹೋಗಬೇಕು, ಶುಲ್ಕ ಎಷ್ಟು ಅನ್ನುವುದು ನಾವು ಆಸ್ಪತ್ರೆಗೆ ಕಟ್ಟಿದ ದುಡ್ಡಿನ ಮೇಲೆ ನಿಂತಿದೆ, ಕೇಳುವ ಪರಿಹಾರದ ಮೇಲೆ ಅಲ್ಲ. ಕಟ್ಟಿದ್ದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ನಮ್ಮ ಬಿಲ್ಲು 38,000. ಲಾಯರ್ ಇಲ್ಲದೆ ನಾವೇ ವಾದ ಮಾಡಬಹುದು, ನಾನು ಹಾಗೇ ಮಾಡಿದೆ.

ಆಸ್ಪತ್ರೆಯ ಉತ್ತರ ನಲವತ್ತನೇ ದಿನ ಬಂತು. 45 ದಿನ ದಾಟಿದರೆ ಅದನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ಅದರಲ್ಲಿ ಒಂದು ಮಾತು ಓದಿ ನನಗೆ ಕೈ ನಡುಗಿತು. ನಾವು ಮಗುವನ್ನು ಮೊದಲು ನಾಟಿ ಕಟ್ಟು ಕಟ್ಟುವವರ ಹತ್ತಿರ ಕರೆದುಕೊಂಡು ಹೋಗಿ, ಎಣ್ಣೆ ಹಾಕಿ ತಿಕ್ಕಿಸಿ, ಆಮೇಲೆ ಬಂದೆವಂತೆ. ಹಳ್ಳಿಯವರು ಅಂದರೆ ಈ ಮಾತು ಯಾರಾದರೂ ನಂಬುತ್ತಾರೆ. ಇಲ್ಲಿ ನೋಟ್‌ಬುಕ್ ಕೈ ಹಿಡಿಯಿತು. ಬಿದ್ದ ಕೂಡಲೇ, 4.05ಕ್ಕೆ, ನಾನು ಆಟೋದವನಿಗೆ ಮಾಡಿದ ಫೋನ್ ಲಿಸ್ಟಿನಲ್ಲಿತ್ತು. ಅವರದೇ ಕ್ಯಾಶುಯಾಲಿಟಿ ರಿಜಿಸ್ಟರಿನಲ್ಲಿ ನಾವು ಬಂದದ್ದು 5.10. ದಾರಿಯೇ ಮುಕ್ಕಾಲು ಗಂಟೆ.

ಆಮೇಲೆ ಡಾಕ್ಟರಿಗೆ ಬರಹದಲ್ಲೇ ಪ್ರಶ್ನೆ ಕಳಿಸಲು ಅವಕಾಶ ಕೇಳಿದೆ. ಆರೇ ಪ್ರಶ್ನೆ. ಒಂದು, ರಾತ್ರಿ 8ರಿಂದ ಬೆಳಿಗ್ಗೆ 9ರವರೆಗೆ ನೀವು ಮಗುವಿನ ಬೆರಳನ್ನು ಎಷ್ಟು ಸಲ ನೋಡಿದಿರಿ? ಉತ್ತರ ಹೀಗಿತ್ತು: "ಫೋನಿನಲ್ಲಿ ಸೂಕ್ತ ಸಲಹೆ ನೀಡಿರುತ್ತೇನೆ." ವಾದದ ದಿನ ನಾನು ಜಾಸ್ತಿ ಮಾತಾಡಲಿಲ್ಲ. ಈ ಉತ್ತರ, 11.30ರ ಸಾಲು, ಫೋಟೋ, ಔಷಧಿ ಚಾರ್ಟ್, ಇಷ್ಟನ್ನೇ ಒಂದರ ಪಕ್ಕ ಒಂದು ಇಟ್ಟು ತೋರಿಸಿದೆ.

ಕೇಳಿದ್ದು 20 ಲಕ್ಷ. 8 ಲಕ್ಷ ಮತ್ತು ಬಡ್ಡಿ ಕೊಡಿ ಎಂದು ಆದೇಶವಾಯಿತು. ಆಸ್ಪತ್ರೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಅಪೀಲು ಹೋಗಿದೆ. ಹಾಗೆ ಹೋಗಲು ಅರ್ಧ ಮೊತ್ತವನ್ನು ಮೊದಲೇ ಠೇವಣಿ ಇಡಬೇಕು, ಇಟ್ಟಿದ್ದಾರೆ. ಮುಂದಿನ ತಾರೀಕಿಗೆ ಕಾಯುತ್ತಿದ್ದೇವೆ.

ಮಗ ಈಗ ಎಡಗೈಯಲ್ಲಿ ಬರೆಯುತ್ತಾನೆ. ಬಲಗೈಗೆ ಒಂದು ಆಪರೇಷನ್ ಆಗಿದೆ, ಇನ್ನೊಂದು ಬಾಕಿ ಇದೆ. ಬೆರಳು ಇನ್ನಷ್ಟು ಮುದುರದಿರಲಿ ಅಂತ ಮಲಗುವ ಮುಂಚೆ ಸ್ಪ್ಲಿಂಟ್ ಕಟ್ಟಬೇಕು. ಅದು ನನ್ನ ಕೆಲಸ. ಕಟ್ಟಿ ಒಂದು ಗಂಟೆ ಆದ ಮೇಲೆ ಎದ್ದು ಹೋಗಿ, ಮೊಬೈಲ್ ಬೆಳಕು ಹಾಕಿ, ಬೆರಳುಗಳ ಬಣ್ಣ ನೋಡಿ, ಮುಟ್ಟಿ ಬೆಚ್ಚಗಿವೆಯಾ ಅಂತ ನೋಡಿ ಬರುತ್ತೇನೆ.